ಉಲ್ಕಾಶಿಲೆಗಳ ಸಂಗ್ರಹವೂ ಸಂರಕ್ಷಣೆಯೂ

ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣವನ್ನು ಹೇಳುವಾಗ ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಭೇದಗಳನ್ನು ಮಾಡಿರುವನು. ಇವುಗಳಲ್ಲಿ ಅಶನಿಯು ಚಕ್ರಾಕಾರದಿಂದ ಮಹಾಶಬ್ದದೊಡನೆ ಮನುಷ್ಯರು, ಆನೆ ಕುದುರೆಗಳು, ಮನೆಮರಗಳು ಮುಂತಾದುವುಗಳ ಮೇಲೆ ಬಿದ್ದು ಭೂಮಿಯನ್ನು ಸೀಳುವುದೆಂಬ ವರ್ಣನೆಯು, ಉಲ್ಕಾಪಾತವನ್ನು ಸಮೀಪದಲ್ಲಿ ಕಂಡವರ ಮಾತನ್ನು ಆಧರಿಸಿದುದೆಂದು ನನ್ನ ಊಹೆ. ಆದರೆ ಶಾಸ್ತ್ರಕಾರನ ದೃಷ್ಟಿಯೆಲ್ಲವೂ ಪಾತದ ಶುಭಾಶುಭ ಫಲದ ಮೇಲೆಯೇ ಇರುವುದು. ಬಿದ್ದ ವಸ್ತುವನ್ನು ಯಾರು ಎತ್ತಿದರು, ಎಲ್ಲಿಟ್ಟರು, ಇಟ್ಟಮೇಲೆ ಅದು ಏನಾಯಿತು ಎಂಬ ಪ್ರಶ್ನೆಗಳು ಆ ಪ್ರಕರಣದಲ್ಲಿ ಏಳುವುದೇ ಇಲ್ಲ. ಈ ಲೇಖನದ ವಿಷಯವು ಅದೇ. ಓಲೆಗರಿಗಳ ಶೋಧನೆಯಲ್ಲಿ ಕಾಲ ಕಳೆಯುವ ನಮ್ಮಂತಹವರಿಗೆ ಇದು ಪರಕೀಯವೆಂದು ತೋರಬಹುದು. ಮುಂದೆ ಓದಿದರೆ ಹಾಗೆ ತೋರಲಾರದು.

ಕ್ರಿ. ಶ. 1798ನೆಯ ಡಿಸೆಂಬರ್ 19ರ ರಾತ್ರಿ ಸುಮಾರು ಎಂಟು ಗಂಟೆಗೆ ಕಾಶಿಯ ಸುತ್ತಲಿನ ಜನರು ಆಕಾಶದಲ್ಲಿ ಒಂದು ಬೆಂಕಿಯ ಉಂಡೆಯನ್ನು ಕಂಡರು. ಗುಡುಗಿನಂತಹ ಧ್ವನಿಯೂ ಕೇಳಿಸಿತು. ಕಾಶಿಗೆ ಹದಿನಾಲ್ಕು ಮೈಲಿಗಳ ದೂರದಲ್ಲಿ, ಗೋಮತೀನದಿಯ ಉತ್ತರದ ಕ್ರಾಖುಟ್ ಎಂಬ ಗ್ರಾಮದ ಬಳಿ ಕಲ್ಲುಗಳು ಬಿದ್ದುವು. ಜಾನ್ ಲಾಯ್ಡ್ ವಿಲಿಯಮ್ಸ್ ಎಂಬಾತನು ಅಲ್ಲಿನವರ ಸಾಕ್ಷ್ಯವನ್ನು ಕೂಡಿಸಿ ಬರೆದಿಟ್ಟನು. ಹಲವು ದಿನಗಳಿಂದ ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲವೆಂಬುದು, ಕಾವಲುಗಾರನ ಗುಡಿಸಲಿನ ಮಾಡನ್ನು ತೂರಿ ಬಂದ ಒಂದು ಕಲ್ಲು ಗಟ್ಟಿಯಾದ ಮಣ್ಣಿನ ನೆಲದಲ್ಲಿ ಹೂತುಹೋಯಿತೆಂಬುದು, ಹೊಲಗಳಲ್ಲಿ ಸುಮಾರು ಆರು ಅಂಗುಲದ ಆಳದಲ್ಲಿ ಕಲ್ಲುಗಳು ದೊರೆತುವೆಂಬುದು, ಇವೆಲ್ಲವೂ ಆ ಬರಹದಿಂದಲೇ ನಮಗೆ ತಿಳಿಯುವುವು. ಎಡ್ವರ್ಡ್ ಹೊವರ್ಡನು ಈ ಶಿಲೆಗಳನ್ನೂ ಯೂರೋಪಿನಲ್ಲಿ ಬೇರೆಬೇರೆ ಕಡೆ ಬಿದ್ದ ಶಿಲೆಗಳನ್ನೂ ಪೃಥಕ್ಕರಿಸಿ, ಅವುಗಳೊಳಗಿನ ಕಬ್ಬಿಣದಲ್ಲಿ ನಿಕಲ್ ಲೋಹವು ಸೇರಿರುವುದನ್ನು 1802ರಲ್ಲಿ ಪ್ರಕಟಿಸಿದನು. ಆಕಾಶದಿಂದ ಕಲ್ಲು ಬೀಳುವುದೆಂಬುದು ಹಳ್ಳಿಗರ ಭ್ರಾಂತಿಯೆನ್ನುತ್ತಿದ್ದ ವಿದ್ವಾಂಸರು ತಮ್ಮ ಮತವನ್ನು ಬದಲಿಸುವುದಕ್ಕೆ ಇದೊಂದು ಮುಖ್ಯ ಕಾರಣವಾಯಿತು. ಗ್ರಂಥಕ್ಕೆ ಪುಷ್ಪಿಕೆಯಿದ್ದಂತೆ ಶಿಲೆಗೆ ಈ ಬರಹ. ಪುಷ್ಪಿಕೆಯಿಲ್ಲದ ಪ್ರತಿಯ ಕಾಲನಿರ್ಣಯ ಎಷ್ಟು ಕಷ್ಟವೆಂಬುದನ್ನು ನಮ್ಮ ಪಾಠಕರಿಗೆ ಹೇಳಬೇಕಾದುದಿಲ್ಲ.

ಎತ್ತಿಟ್ಟ ಮಾತ್ರಕ್ಕೆ ಶಿಲೆಯು ಉಳಿಯಿತೆನ್ನುವಂತಿಲ್ಲ. ಸಾಮಾನ್ಯ ವರ್ಗದ ಉಲ್ಕಾಶಿಲೆಯೊಳಗೆ ನಿಕಲ್‌ಮಿಶ್ರವಾದ ಕಬ್ಬಿಣದ ಕಣಗಳೂ, ಕಬ್ಬಿಣ ಗಂಧಕಗಳು ಕೂಡಿದ ಟ್ರಾಯ್ಲೈಟ್ ಎಂಬ ಖನಿಜವೂ ಹರಡಿರುವುವು. ಬೀಳುವಾಗ ಕರಗಿ ಹೆಪ್ಪುಗಟ್ಟಿದ ಕರಿಯ ಕವಚವು ಬಹಳ ತೆಳು. ಅದರ ಬಿರುಕುಗಳ ಮೂಲಕ ತೇವವು ಒಳಹೊಕ್ಕರೆ ಲೋಹವು ತುಕ್ಕುಹಿಡಿಯುವುದು. ತುಕ್ಕಿಗೆ ಲೋಹಕ್ಕಿಂತ ಹೆಚ್ಚು ಸ್ಥಳ ಬೇಕಾದುದರಿಂದ ಬಿರುಕು ಹಿಗ್ಗುವುದು, ಹಿಗ್ಗಿದ ಬಿರುಕಿನಿಂದ ಮತ್ತಷ್ಟು ತೇವವು ಸೇರುವುದು. ಕಡೆಗೆ ಶಿಲೆಯು ತಾನಾಗಿಯೇ ಪುಡಿಯಾಗುವುದು. ಲಾರೆನ್ಸೈಟ್ ಎಂಬ ಕ್ಲೋರಿನ್‌ಯುಕ್ತ ಖನಿಜವು ಉಲ್ಕೆಯಲ್ಲಿ ಹುಟ್ಟಿನಿಂದಲೇ ಇರುವುದೆಂದೂ ಈ ರೋಗಕ್ಕೆ ಅದೇ ಮೂಲವೆಂದೂ ಬಹುಕಾಲ ನಂಬಿದ್ದರು. ಬುಕ್ವಾಲ್ಡ್ ಮತ್ತು ಕ್ಲಾರ್ಕ್ ಎಂಬ ವಿದ್ವಾಂಸರು 1989ರಲ್ಲಿ ಅಂಟಾರ್ಕ್ಟಿಕದ ಉಲ್ಕೆಗಳ ಕಬ್ಬಿಣವನ್ನು ಪರೀಕ್ಷಿಸಿ, ಆ ಕ್ಲೋರಿನ್ ಭೂಮಿಯಿಂದಲೇ ಸೇರಿದುದೆಂದೂ, ಅದು ಅಕಗನೈಟ್ ಎಂಬ ತುಕ್ಕಿನೊಳಗೆ ಅಡಗಿದ್ದು ಹೊಸ ಲೋಹವನ್ನು ಮತ್ತೆ ಮತ್ತೆ ಕೊರೆಯುವುದೆಂದೂ ತೋರಿಸಿದರು. ವೈದ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ನಿಜವೆಂದು ತಿಳಿದಿದ್ದ ರೋಗವು ಆಗಂತುಕವಾಯಿತು. ನಮ್ಮ ಉಡುಪಿಯ ಬಳಿ 1866ರಲ್ಲಿ ಬಿದ್ದ ಶಿಲೆಯು ಲೋಹವು ಹೆಚ್ಚಾಗಿರುವ ವರ್ಗಕ್ಕೆ ಸೇರಿದುದು; ಅಂತಹ ಶಿಲೆಗೆ ಕರಾವಳಿಯ ಉಪ್ಪುಗಾಳಿಗಿಂತ ದೊಡ್ಡ ಶತ್ರುವಿಲ್ಲ.

ಕೆಲವು ಖನಿಜಗಳು ತುಕ್ಕಿಗಿಂತಲೂ ಶೀಘ್ರವಾಗಿ ಅಳಿಯುವುವು. 1852ರ ಡಿಸೆಂಬರಿನಲ್ಲಿ ಈಗಿನ ಉತ್ತರಪ್ರದೇಶದ ಬಸ್ತಿಯಲ್ಲಿ ಬಿದ್ದ ಶಿಲೆಯಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ನೆವಿಲ್ ಸ್ಟೋರಿ ಮ್ಯಾಸ್ಕಲಿನ್ ಕಂದುಬಣ್ಣದ ಸಣ್ಣ ಗುಂಡುಗಳನ್ನು ಕಂಡು, ಅವು ಸುಣ್ಣದ ಮೂಲಧಾತುವೂ ಗಂಧಕವೂ ಕೂಡಿದ ಹೊಸ ಖನಿಜವೆಂದು ಗುರುತಿಸಿದನು. ಭಾರತದ ಭೂಗರ್ಭ ಸಮೀಕ್ಷೆಯ ಮುಖ್ಯಸ್ಥನಾಗಿದ್ದ ಥಾಮಸ್ ಓಲ್ಡ್‌ಹ್ಯಾಮನ ಹೆಸರಿನಿಂದ 1862ರಲ್ಲಿ ಅದಕ್ಕೆ ಓಲ್ಡ್‌ಹ್ಯಾಮೈಟ್ ಎಂದು ನಾಮಕರಣವಾಯಿತು. ತೇವದ ಗಾಳಿಯಲ್ಲಿ ಇದು ಕೆಟ್ಟು ಜಿಪ್ಸಮ್ ಆಗುವುದು. ಬಸ್ತಿಯ ಶಿಲೆಯನ್ನು ಯಾರಾದರೂ ಮಣ್ಣು ಹೋಗಲೆಂದು ಚೆನ್ನಾಗಿ ತೊಳೆದು ನೆನೆಯಿಟ್ಟಿದ್ದರೆ ಮ್ಯಾಸ್ಕಲಿನ್ನನಿಗೆ ಕಾಣುವುದಕ್ಕೆ ಏನು ಉಳಿಯುತ್ತಿತ್ತೋ! 1880ರಲ್ಲಿ ಬಿಹಾರದ ಅಂಧಾರಾ ಗ್ರಾಮದಲ್ಲಿ ಬಿದ್ದ ಶಿಲೆಯನ್ನು ಜನರು ಗುಡಿಯಲ್ಲಿಟ್ಟು ಪೂಜಿಸಿದರು. ಇದನ್ನು ಹಾಸ್ಯಮಾಡುವವರು ಉಂಟು. ಕುತೂಹಲದಿಂದ ಒಡೆದು ಹಂಚಿಕೊಳ್ಳುವವರ ಸುತ್ತಿಗೆಗಿಂತ ಭಕ್ತಿಯು ಮೇಲೆಂದು ನಾನು ಬಲ್ಲೆನು; ಆದರೆ ನೀರಿನ ಅಭಿಷೇಕವು ಶಿಲೆಯ ಆಯುಸ್ಸಿಗೆ ಹಿತವಲ್ಲ.

ಇಡುವ ರೀತಿಯಿಂದ ಶಿಲೆಯ ಅರ್ಥವೇ ಕೆಡಬಹುದೆಂಬುದಕ್ಕೆ ಫ್ರಾನ್ಸ್ ದೇಶದ ಓರ್ಗೇಯ್ ಎಂಬಲ್ಲಿ 1864ನೆಯ ಮೇ 14ರ ಸಂಜೆ ಬಿದ್ದ ಶಿಲೆಗಳು ನಿದರ್ಶನ. ಇವು ಇಂಗಾಲವುಳ್ಳ ಅಪೂರ್ವ ವರ್ಗದವು. ಚಾಕುವಿನಿಂದ ಕೊಯ್ಯಬಹುದಾದಷ್ಟು ಮೃದು, ನೀರಿಗೆ ಹಾಕಿದರೆ ಬಿಚ್ಚಿಹೋಗುವಷ್ಟು ದುರ್ಬಲ. ಇವುಗಳಲ್ಲಿ ಬಿಳಿಯ ಸಲ್ಫೇಟ್ ಲವಣದ ರೇಖೆಗಳು ಹಾಯ್ದಿರುವುದನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕಂಡು, ಈ ಶಿಲೆಯ ಮಾತೃಗ್ರಹದಲ್ಲಿ ಹಿಂದೆ ನೀರು ಹರಿದುದಕ್ಕೆ ಇವೇ ಪ್ರಮಾಣವೆಂದು ವ್ಯಾಖ್ಯಾನ ಮಾಡಿದರು. 2001ರಲ್ಲಿ ಗುನೆಲ್ ಮತ್ತು ಜೊಲೆನ್‌ಸ್ಕಿ ಎಂಬವರು ಹಳೆಯ ಬರಹಗಳನ್ನು ತೆಗೆದು ನೋಡಿದರು. ಶಿಲೆಗಳು ಬಿದ್ದ ಹೊಸತರಲ್ಲಿ ಬರೆದ ವರ್ಣನೆಗಳಲ್ಲಿ ಆ ರೇಖೆಗಳ ಸುದ್ದಿಯೇ ಇರಲಿಲ್ಲ. ಶಿಲೆಯೊಳಗಿನ ಲವಣವು ಮ್ಯೂಸಿಯಮ್ಮಿನ ಗಾಳಿಯ ತೇವವನ್ನು ಹೀರಿ, ಕರಗಿ, ಬಿರುಕುಗಳಲ್ಲಿ ಮತ್ತೆ ಹರಳುಗಟ್ಟಿದುದೇ ಆ ರೇಖೆಗಳೆಂದು ಅವರು ಸಿದ್ಧಾಂತಮಾಡಿದರು. ಲಿಪಿಕಾರನು ಅಂಚಿನಲ್ಲಿ ಬರೆದ ಟಿಪ್ಪಣಿಯು ಮುಂದಿನ ಪ್ರತಿಯಲ್ಲಿ ಮೂಲಕ್ಕೆ ಸೇರಿ ಕವಿಯ ಮಾತೆನಿಸುವುದನ್ನು ನಾವು ಎಷ್ಟು ಕಂಡಿಲ್ಲ! ಪ್ರಾಚೀನ ಪ್ರತಿಯನ್ನು ನೋಡಿದ ಹೊರತು ಆ ತಪ್ಪು ತಿಳಿಯದು. ಇಲ್ಲಿ 1864ರ ಬರಹವೇ ಪ್ರಾಚೀನ ಪ್ರತಿಯಾಯಿತು.

ಇದು ಪ್ರಕೃತಿಯು ಮಾಡಿದ ಪ್ರಕ್ಷೇಪ. ಮನುಷ್ಯನು ಬುದ್ಧಿಪೂರ್ವಕವಾಗಿ ಮಾಡಿದ ಪ್ರಕ್ಷೇಪವೂ ಅದೇ ಪಾತದ ಶಿಲೆಯಲ್ಲಿ ದೊರೆತಿರುವುದು. ಮೊಂಟೋಬಾನ್ ನಗರದ ಮ್ಯೂಸಿಯಮ್ಮಿನಲ್ಲಿ 1864ರಿಂದ ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದ ಒಂದು ತುಂಡನ್ನು ಆಂಡರ್ಸ್ ಎಂಬ ವಿದ್ವಾಂಸನೂ ಆತನ ಸಂಗಡಿಗರೂ ಪರೀಕ್ಷಿಸಿದಾಗ, ಅದರಲ್ಲಿ ಜೊಂಡಿನಂತಹ ಒಂದು ಸಸ್ಯದ ಬೀಜಗಳೂ ಕಲ್ಲಿದ್ದಲಿನ ಚೂರುಗಳೂ ಇದ್ದುವು. ಮೇಲಿನ ಕವಚವು ಅಂಟಿನಿಂದ ಮೆತ್ತಿದುದಾಗಿತ್ತು. ಅವರು 1964ರಲ್ಲಿ ಇದನ್ನು ಪ್ರಕಟಿಸಿದರು. ಶಿಲೆ ಬೀಳುವುದಕ್ಕೆ ಕೆಲವೇ ವಾರಗಳ ಹಿಂದೆ ಲೂಯಿ ಪಾಸ್ತರನು ಪ್ಯಾರಿಸ್ಸಿನಲ್ಲಿ ಜೀವವು ನಿರ್ಜೀವದಿಂದ ಹುಟ್ಟದೆಂದು ಉಪನ್ಯಾಸ ಮಾಡಿದ್ದನು. ಆ ವಾದಕ್ಕಾಗಿಯೇ ಯಾರೋ ಬಲೆ ಒಡ್ಡಿದರೆಂದು ಊಹಿಸಿರುವರು. ಆದರೆ ಆ ಬಲೆಗೆ ನೂರು ವರ್ಷ ಯಾರೂ ಬೀಳಲಿಲ್ಲ, ಏಕೆಂದರೆ ಪಾತ್ರೆಯನ್ನು ಯಾರೂ ತೆರೆಯಲಿಲ್ಲ. ಚೆನ್ನಾಗಿ ಮುಚ್ಚಿಟ್ಟರೆ ಕೃತ್ರಿಮವೂ ಅಷ್ಟೇ ಚೆನ್ನಾಗಿ ಉಳಿಯುವುದು.

ಈಚಿನ ಸಂಗ್ರಾಹಕರ ಎಚ್ಚರಿಕೆಯು ಇಂತಹ ಅನುಭವಗಳಿಂದ ಬಂದುದು. ಜಪಾನೀಯರು 1969ರಲ್ಲಿ ಅಂಟಾರ್ಕ್ಟಿಕದ ಯಮಾಟೋ ಪರ್ವತಗಳ ಬಳಿ ಹಿಮದ ಮೇಲೆ ಒಂಬತ್ತು ಉಲ್ಕೆಗಳನ್ನು ಕಂಡಂದಿನಿಂದ ಅಲ್ಲಿ ಸಹಸ್ರಾರು ದೊರೆತಿರುವುವು. ಅಮೆರಿಕದವರು ಅಲ್ಲಿನ ಶಿಲೆಗಳನ್ನು ಹೆಪ್ಪುಗಟ್ಟಿದಂತೆಯೇ ಹ್ಯೂಸ್ಟನ್ನಿಗೆ ಸಾಗಿಸಿ, ಒಣ ಸಾರಜನಕ ತುಂಬಿದ ಪೆಟ್ಟಿಗೆಗಳಲ್ಲಿ ಆರಿಸುವರು. ಸಣ್ಣ ಸಂಗ್ರಹವುಳ್ಳವರು ಶಿಲೆಯನ್ನು ಬರಿಗೈಯಿಂದ ಮುಟ್ಟದೆ, ಕೊಯ್ಯುವಾಗ ನೀರಿನ ಬದಲು ಮದ್ಯಸಾರವನ್ನು ಬಳಸಿ, ತೇವವನ್ನು ಹೀರುವ ಸಿಲಿಕಾ ಹರಳುಗಳೊಡನೆ ಮುಚ್ಚಿಡುವರು.

2000ನೆಯ ಜನವರಿ 18ರಂದು ಕೆನಡಾದಲ್ಲಿ ಹೆಪ್ಪುಗಟ್ಟಿದ್ದ ಟಾಗಿಶ್ ಸರೋವರದ ಮೇಲೆ ಇಂಗಾಲವುಳ್ಳ ಉಲ್ಕೆಯೊಂದು ಬಿದ್ದಿತು. ಒಂದು ವಾರದೊಳಗೆ ಅಲ್ಲಿನ ನಿವಾಸಿಯೊಬ್ಬನು ಕೆಲವು ತುಂಡುಗಳನ್ನು ಕೈತಾಗಿಸದೆ ಚೀಲಕ್ಕೆ ಹಾಕಿ, ಹೆಪ್ಪು ಕರಗದಂತೆ ಕಾಪಾಡಿದನು. ವಸಂತದಲ್ಲಿ ಹಿಮವು ಕರಗತೊಡಗಿದಾಗ ವಿದ್ವಾಂಸರು ಇನ್ನೂ ನೂರಾರು ತುಂಡುಗಳನ್ನು ಕಂಡರು. ಆದರೆ ಅವು ನೀರಿನಲ್ಲಿ ನೆನೆದಿದ್ದುವು. ಒಂದೇ ಉಲ್ಕೆಯ ಈ ಎರಡು ರಾಶಿಗಳನ್ನು ಇಂದಿಗೂ ಬೇರೆಯಾಗಿ ಎಣಿಸುತ್ತಿರುವರು.