ತೊಂಬತ್ತು ದಿನಗಳ ಚರಿತ್ರೆ

ಎಚ್‌ಐವಿ ಸೋಂಕು ತಗುಲಿರಬಹುದೇ ಎಂಬ ಭಯದಲ್ಲಿರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಪರೀಕ್ಷೆಗೆ ಎಷ್ಟು ದಿನ ಕಾಯಬೇಕು? ಒಬ್ಬರು ಆರು ತಿಂಗಳು ಎನ್ನುತ್ತಾರೆ, ಇನ್ನೊಬ್ಬರು ಮೂರು ತಿಂಗಳು, ಮತ್ತೊಬ್ಬರು ಆರು ವಾರ. ಒಂದೇ ವೈರಸ್ಸಿಗೆ ಇಷ್ಟು ಗಡುವುಗಳೇಕೆ? ವೈದ್ಯಕೀಯ ಪರೀಕ್ಷೆಗಳ ಇತಿಹಾಸವನ್ನು ಓದುತ್ತಿರುವ ನನಗೆ ಈ ಗೊಂದಲದಲ್ಲೇ ಒಂದು ಚರಿತ್ರೆ ಕಾಣುತ್ತದೆ. ಈ ಮೂರೂ ಸಂಖ್ಯೆಗಳ ಹಿಂದೆ ಬೇರೆ ಬೇರೆ ಉಪಕರಣಗಳಿವೆ. ಉಪಕರಣಗಳು ಬದಲಾದವು, ಹಳೆಯ ಸಂಖ್ಯೆಗಳು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡವು.

1983ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲುಕ್ ಮೊಂಟಾನಿಯೇ ಮತ್ತು ಸಂಗಡಿಗರು ಈ ವೈರಸ್ಸನ್ನು ಗುರುತಿಸಿದರು. ಮರುವರ್ಷ ಅಮೆರಿಕದಲ್ಲಿ ರಾಬರ್ಟ್ ಗ್ಯಾಲೋ ಅವರ ತಂಡ ಏಡ್ಸ್‌ಗೆ ಇದೇ ಕಾರಣ ಎಂಬುದಕ್ಕೆ ಬಲವಾದ ಪುರಾವೆ ಒದಗಿಸಿತು. 1985ರ ಮಾರ್ಚ್ 2ರಂದು ಅಮೆರಿಕ ಸರ್ಕಾರ ಮೊದಲ ರಕ್ತಪರೀಕ್ಷೆಗೆ ಪರವಾನಗಿ ಕೊಟ್ಟಿತು. ಅದು ಎಲೈಸಾ ವಿಧಾನದ ಪರೀಕ್ಷೆ. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ವೈರಸ್ಸಿನ ಪ್ರೋಟೀನುಗಳನ್ನು ಅಂಟಿಸಿ, ಅದರ ಮೇಲೆ ವ್ಯಕ್ತಿಯ ರಕ್ತಸಾರವನ್ನು ಹಾಕುತ್ತಾರೆ. ಅದರಲ್ಲಿ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿದ್ದರೆ ಅಂಟಿಕೊಳ್ಳುತ್ತವೆ. ಕೊನೆಯಲ್ಲಿ ಹಾಕುವ ರಾಸಾಯನಿಕದಿಂದ ಗುಳಿಗೆ ಬಣ್ಣ ಬರುತ್ತದೆ.

ಈ ಪರೀಕ್ಷೆ ವೈರಸ್ಸನ್ನೇ ಹುಡುಕುತ್ತಿರಲಿಲ್ಲ. ವೈರಸ್ಸಿಗೆ ದೇಹ ಕೊಟ್ಟ ಉತ್ತರವನ್ನು ಹುಡುಕುತ್ತಿತ್ತು. ದೇಹ ಉತ್ತರ ಕೊಡಲು ವಾರಗಳು ಬೇಕು. ಅಷ್ಟರವರೆಗೆ ವೈರಸ್ ರಕ್ತದಲ್ಲಿ ಬೆಳೆಯುತ್ತಿದ್ದರೂ, ಇನ್ನೊಬ್ಬರಿಗೆ ಹರಡುವಂತಿದ್ದರೂ, ವರದಿಯಲ್ಲಿ ‘ನೆಗೆಟಿವ್’ ಎಂದೇ ಬರುತ್ತದೆ. ಇದನ್ನು ವಿಂಡೋ ಪೀರಿಯಡ್ ಎನ್ನುತ್ತಾರೆ. ವಿಚಿತ್ರ ಹೆಸರು. ಕಿಟಕಿ ಇರುವುದು ನೋಡುವುದಕ್ಕೆ. ಇಲ್ಲಿ ಏನೂ ಕಾಣದ ಅವಧಿಗೆ ಆ ಹೆಸರು.

ಆ ಮೊದಲ ಪರೀಕ್ಷೆ ಹುಟ್ಟಿದ್ದು ಭಯಪಟ್ಟ ವ್ಯಕ್ತಿಗೆ ಉತ್ತರ ಕೊಡುವುದಕ್ಕಲ್ಲ, ದಾನಿಗಳ ರಕ್ತವನ್ನು ಸೋಸುವುದಕ್ಕೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಸಾವಿರಾರು ಜನ ಆಗಲೇ ರಕ್ತದ ಉತ್ಪನ್ನಗಳಿಂದ ಸೋಂಕಿತರಾಗಿದ್ದರು. ಆದರೆ ಪರೀಕ್ಷೆ ರಕ್ತನಿಧಿಗಳಿಗೆ ಬಂದ ಕೂಡಲೇ ಹೊಸ ಆತಂಕ ಎದುರಾಯಿತು. ತಮಗೆ ಸೋಂಕಿದೆಯೇ ಎಂದು ತಿಳಿಯಲು ಬಯಸುವವರು ಬೇರೆ ದಾರಿಯಿಲ್ಲದೆ ರಕ್ತದಾನಕ್ಕೆ ಬಂದರೆ? ಅವರಲ್ಲಿ ಕೆಲವರು ಇನ್ನೂ ಪ್ರತಿಕಾಯ ಮೂಡದ ಅವಧಿಯಲ್ಲಿದ್ದರೆ, ಸೋಂಕಿದ ರಕ್ತ ಜರಡಿಯಿಂದ ನುಸುಳಿ ರೋಗಿಯ ದೇಹ ಸೇರುತ್ತದೆ. ಅದಕ್ಕಾಗಿಯೇ 1985ರಲ್ಲಿ ಅಮೆರಿಕದಲ್ಲಿ ರಕ್ತನಿಧಿಗಳ ಹೊರಗೆ ಪ್ರತ್ಯೇಕ ಪರೀಕ್ಷಾ ಕೇಂದ್ರಗಳನ್ನು ತೆರೆದರು. ಹೆಸರು ಹೇಳದೆ ಪರೀಕ್ಷೆ ಮಾಡಿಸಿಕೊಳ್ಳುವ, ಆಪ್ತ ಸಲಹೆ ಪಡೆಯುವ ಪದ್ಧತಿ ಬೆಳೆದದ್ದು ಅಲ್ಲಿಂದ.

ಭಾರತದಲ್ಲಿ ಈ ಪರೀಕ್ಷೆಯ ಕಥೆ 1986ರಲ್ಲಿ ಮದರಾಸಿನಿಂದ ಶುರುವಾಗುತ್ತದೆ. ಮದರಾಸು ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಸುನೀತಿ ಸಾಲೋಮನ್ ಅವರ ವಿದ್ಯಾರ್ಥಿನಿಯಾಗಿದ್ದ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ನಗರದಲ್ಲಿ ಪರೀಕ್ಷೆಯ ಸೌಲಭ್ಯವಿರಲಿಲ್ಲ. ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿಟ್ಟು, ನಂತರ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಆರು ಮಾದರಿಗಳು ಹಳದಿಯಾದವು. ವೆಸ್ಟರ್ನ್ ಬ್ಲಾಟ್ ಎಂಬ ಎರಡನೇ ಪರೀಕ್ಷೆ ಅದನ್ನು ದೃಢಪಡಿಸಿತು. ಎಚ್‌ಐವಿ ಈ ದೇಶದೊಳಗಿದೆ ಎಂಬುದು ಹೀಗೆ ತಿಳಿಯಿತು. ಯಾವ ರೋಗವನ್ನು ಹುಡುಕುತ್ತಿದ್ದೇನೆಂದು ಆ ಹೆಣ್ಣುಮಕ್ಕಳಿಗೆ ಹೇಳಿರಲಿಲ್ಲ ಎಂದು ನಿರ್ಮಲಾ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಒಪ್ಪಿಗೆ ಎಂಬ ಮಾತು ಆಗಿನ್ನೂ ಪರೀಕ್ಷೆಯ ಭಾಗವಾಗಿರಲಿಲ್ಲ.

ಅದರ ಬೆಲೆ ಎಷ್ಟೆಂದು 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ಅವರ ಪ್ರಕರಣ ತೋರಿಸಿತು. ಅವರು ಆಗಾಗ ರಕ್ತದಾನ ಮಾಡುತ್ತಿದ್ದವರು. ದಾನ ಕೊಟ್ಟ ರಕ್ತದಲ್ಲಿ ಸೋಂಕು ಕಂಡದ್ದೇ ತಡ, ಪೊಲೀಸರು ಅವರನ್ನು ಕರೆದೊಯ್ದರು. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ 64 ದಿನ ಒಂಟಿಯಾಗಿ ಕೂಡಿಟ್ಟರು. ಪರೀಕ್ಷೆ ಎಂದರೆ ಬಂಧನ ಎಂಬ ಸ್ಥಿತಿ ಇರುವಲ್ಲಿ ಯಾರು ತಾವಾಗಿ ಬಂದು ತೋಳು ಚಾಚುತ್ತಾರೆ? ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಬಯಲು ಮಾಡಬಾರದು ಎನ್ನುವ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದದ್ದು 2017ರಲ್ಲಿ. ಜಾರಿಯಾದದ್ದು 2018ರ ಸೆಪ್ಟೆಂಬರಿನಲ್ಲಿ.

ಈ ನಡುವೆ ಪ್ರಯೋಗಾಲಯಗಳಲ್ಲಿ ಆ ಕುರುಡು ಅವಧಿ ಕಿರಿದಾಗುತ್ತ ಬಂತು. ಮೊದಲ ಪೀಳಿಗೆಯ ಪರೀಕ್ಷೆಗಳ ಕಾಲದಲ್ಲಿ ಆರು ತಿಂಗಳು ಕಾಯಿಸುವುದು ಎಚ್ಚರಿಕೆಯ ಸಲಹೆಯಾಗಿತ್ತು. 1990ರ ದಶಕದಲ್ಲಿ ಬಂದ ಮೂರನೇ ಪೀಳಿಗೆಯ ಪರೀಕ್ಷೆಗಳು ಬೇಗ ಮೂಡುವ ಪ್ರತಿಕಾಯಗಳನ್ನೂ ಹಿಡಿದವು. ಅವಧಿ ಸರಾಸರಿ 22 ದಿನಗಳಿಗೆ ಇಳಿಯಿತು. ಮುಂದಿನ ಹೆಜ್ಜೆ ದೇಹದ ಉತ್ತರಕ್ಕೆ ಕಾಯದೆ ವೈರಸ್ಸನ್ನೇ ಹುಡುಕುವುದು. ವೈರಸ್ಸಿನ ಪಿ24 ಪ್ರೋಟೀನನ್ನು ಹುಡುಕಿದರೆ ಸುಮಾರು 16 ದಿನ, ಅದರ ಆರ್‌ಎನ್‌ಎಯನ್ನು ಹುಡುಕಿದರೆ ಸುಮಾರು 11 ದಿನ. ಅಮೆರಿಕದ ರಕ್ತನಿಧಿಗಳು 1996ರಲ್ಲಿ ಪಿ24 ಪರೀಕ್ಷೆಯನ್ನೂ 1999ರಲ್ಲಿ ಆರ್‌ಎನ್‌ಎ ಪರೀಕ್ಷೆಯನ್ನೂ ಆರಂಭಿಸಿದವು. ಪಿ24 ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ನೋಡುವ ನಾಲ್ಕನೇ ಪೀಳಿಗೆಯ ಪರೀಕ್ಷೆಗಳೂ ಬಂದವು.

ಸರಾಸರಿ ಎಂದರೆ ಎಲ್ಲರ ಲೆಕ್ಕವಲ್ಲ. ಕೆಲವರ ದೇಹ ನಿಧಾನವಾಗಿ ಉತ್ತರಿಸುತ್ತದೆ. ಸಲಹೆ ಕೊಡುವಾಗ ಆ ನಿಧಾನದವರನ್ನೂ ಸೇರಿಸಿಕೊಳ್ಳಬೇಕು. ಆದ್ದರಿಂದ ಇಂದಿನ ಲೆಕ್ಕ ಹೀಗಿದೆ: ಆರ್‌ಎನ್‌ಎ ಪರೀಕ್ಷೆ 10ರಿಂದ 33 ದಿನಗಳಲ್ಲಿ, ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ಪೀಳಿಗೆಯ ಪರೀಕ್ಷೆ 18ರಿಂದ 45 ದಿನಗಳಲ್ಲಿ, ಪ್ರತಿಕಾಯವನ್ನಷ್ಟೇ ನೋಡುವ ಪರೀಕ್ಷೆ 23ರಿಂದ 90 ದಿನಗಳಲ್ಲಿ ಸೋಂಕನ್ನು ಕಾಣಬಲ್ಲದು. ಜನ ಹೇಳುವ ಆರು ವಾರ ಮತ್ತು ಮೂರು ತಿಂಗಳು ಹುಟ್ಟುವುದು ಇಲ್ಲಿಂದಲೇ. ಯಾವ ಪರೀಕ್ಷೆ ಎಂದು ಕೇಳದೆ ಎಷ್ಟು ದಿನ ಎಂದು ಕೇಳುವುದು ಊರಿನ ಹೆಸರು ಹೇಳದೆ ದೂರ ಕೇಳಿದಂತೆ.

ಹಾಗೆಂದು ದಿನ ಎಣಿಸುತ್ತ ಮನೆಯಲ್ಲಿ ಕೂರುವಂತಿಲ್ಲ. ಸಂಪರ್ಕವಾದ 72 ಗಂಟೆಗಳೊಳಗೆ ಪಿಇಪಿ ಎಂಬ ತಡೆ ಔಷಧಿಯನ್ನು ಶುರುಮಾಡಿ 28 ದಿನ ತೆಗೆದುಕೊಂಡರೆ ಸೋಂಕು ನೆಲೆಯೂರುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಈ ಔಷಧಿಯಿಂದ ಪರೀಕ್ಷೆಯಲ್ಲಿ ಸೋಂಕು ಕಾಣುವುದು ತಡವಾಗಬಹುದಾದ್ದರಿಂದ, ಔಷಧಿ ತೆಗೆದುಕೊಂಡವರ ದಿನಗಳ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ, ಆಪ್ತ ಸಲಹೆ ಎರಡೂ ಉಚಿತ. 1097 ಸಹಾಯವಾಣಿಗೆ ಕರೆಮಾಡಿಯೂ ಕೇಳಬಹುದು. ಅಲ್ಲಿ ಒಂದು ಕಿಟ್ ಪಾಸಿಟಿವ್ ತೋರಿಸಿದ ಮಾತ್ರಕ್ಕೆ ತೀರ್ಪಾಗುವುದಿಲ್ಲ. ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಬಾರಿ ನೋಡಿ ಖಚಿತಪಡಿಸುತ್ತಾರೆ. ಪಾಸಿಟಿವ್ ಎಂದಾದರೂ ಇಂದು ಅದು ಮರಣಶಾಸನವಲ್ಲ; ಎಆರ್‌ಟಿ ಔಷಧಿಯನ್ನು ತಪ್ಪದೆ ತೆಗೆದುಕೊಂಡವರು ಎಲ್ಲರಂತೆ ಬಾಳುತ್ತಾರೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವ ಪಾಠವೊಂದಿದೆ: ಯಾವ ದಾಖಲೆಯೂ ತಾನು ಹುಟ್ಟಿದ ದಿನವನ್ನು ಮೀರಿ ಸಾಕ್ಷಿ ಹೇಳಲಾರದು. ಎಚ್‌ಐವಿ ವರದಿ ಇನ್ನೂ ಒಂದು ಹೆಜ್ಜೆ ಹಿಂದೆ ನಿಂತಿರುತ್ತದೆ. ಇಂದಿನ ‘ನೆಗೆಟಿವ್’ ಹೇಳುವುದು ಕೆಲವು ವಾರಗಳ ಹಿಂದಿನ ಮಾತು. ಸಂಪರ್ಕವಾದ ಮರುದಿನವೇ ಪರೀಕ್ಷೆ ಮಾಡಿಸಿ ನಿಟ್ಟುಸಿರು ಬಿಡುವವರು ಹಳೆಯ ಪತ್ರದಲ್ಲಿ ಹೊಸ ಸುದ್ದಿ ಹುಡುಕುತ್ತಿರುತ್ತಾರೆ. ಗಡುವು ದಾಟಿ, ಸರಿಯಾದ ಪರೀಕ್ಷೆಯಲ್ಲಿ ನೆಗೆಟಿವ್ ಬಂದ ಮೇಲೂ ಆರು ತಿಂಗಳ ಹಳೆಯ ಲೆಕ್ಕ ಹಿಡಿದು ನಿದ್ದೆಗೆಡುವವರದು ಇದರ ಇನ್ನೊಂದು ಮುಖ. ವರದಿಯನ್ನು ಓದುವಾಗ ಫಲಿತಾಂಶದ ಜೊತೆಗೆ ಇನ್ನೆರಡು ವಿಷಯಗಳನ್ನು ನೋಡಬೇಕು: ಮಾಡಿದ್ದು ಯಾವ ಪರೀಕ್ಷೆ, ರಕ್ತ ಕೊಟ್ಟದ್ದು ಸಂಪರ್ಕವಾದ ಎಷ್ಟನೇ ದಿನ. ಅವೆರಡೂ ತಿಳಿದರೆ ಆ ಚಿಕ್ಕ ಕಾಗದವನ್ನು ನಂಬಬಹುದು.