ಖರಾಬು ಎನಿಸಿಕೊಂಡ ಮುಳ್ಳುಕಾಡು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರ ದೈವ ಕ್ಯಾತಪ್ಪನ ಜಾತ್ರೆಗೆ ಒಂದು ಗುಡಿ ಏಳುತ್ತದೆ. ಅದಕ್ಕೆ ಕಲ್ಲಿಲ್ಲ, ಗಾರೆಯಿಲ್ಲ. ಬಾರೆ ಗಿಡದ ಕಳ್ಳೆಯನ್ನು, ಅಂದರೆ ಮುಳ್ಳಿನ ರೆಂಬೆಗಳನ್ನು, ಕಡಿದು ತಂದು ಒಂದರ ಮೇಲೊಂದು ಒಟ್ಟಿ ಆಳೆತ್ತರಕ್ಕೂ ಮೀರಿದ ಗುಡಿ ಕಟ್ಟುತ್ತಾರೆ. ತುದಿಗೆ ಕಳಸವಿಡುತ್ತಾರೆ. ಜಾತ್ರೆಯಲ್ಲಿ ಯುವಕರು ಬರಿಗಾಲಲ್ಲೇ ಆ ಮುಳ್ಳಿನ ರಾಶಿಯನ್ನು ಹತ್ತಿ ಕಳಸ ಕೀಳುತ್ತಾರೆ.

ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ದನಕುರಿಗಳನ್ನೇ ನಂಬಿ ಬದುಕಿದ ಆ ಜನಕ್ಕೆ ಮುಳ್ಳು ಹೊಸದಲ್ಲ. ಹಟ್ಟಿಗೆ ಕಳ್ಳೆಯದೇ ಬೇಲಿ, ಕುರಿ ರೊಪ್ಪಕ್ಕೂ ಕಳ್ಳೆಯದೇ ಕಾವಲು. ತೋಳ, ಚಿರತೆಗಳಿಂದ ಮಂದೆಯನ್ನು ತಲೆಮಾರುಗಳಿಂದ ಕಾಯ್ದದ್ದು ಈ ಮುಳ್ಳೇ. ಆದರೆ ಸರ್ಕಾರಿ ಕಡತಗಳಲ್ಲಿ ಮುಳ್ಳು ಬೆಳೆಯುವ ನೆಲಕ್ಕೆ ಬಹುಮಟ್ಟಿಗೆ ಸಿಕ್ಕ ಹೆಸರು ಬೇರೆ: ಬಂಜರು, ಇಲ್ಲವೇ ಖರಾಬು. ಬಯಲುಸೀಮೆಯ ಮುಳ್ಳುಕಾಡು ಕರಗಿದ ಕಥೆ ಈ ಹೆಸರಿನಿಂದಲೇ ಆರಂಭವಾಗುತ್ತದೆ.

ನೀರಿಲ್ಲದ ಊರಿನ ಜಾಣತನ

ಪಶ್ಚಿಮಘಟ್ಟ ದಾಟಿ ಬರುವಷ್ಟರಲ್ಲಿ ಮುಂಗಾರಿನ ಮೋಡಗಳು ತಮ್ಮ ನೀರನ್ನೆಲ್ಲ ಮಲೆನಾಡಿಗೆ ಸುರಿದಿರುತ್ತವೆ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ತುಮಕೂರು ಜಿಲ್ಲೆಗಳ ಒಣ ತಾಲ್ಲೂಕುಗಳಿಗೆ ಉಳಿಯುವುದು ವರ್ಷಕ್ಕೆ 500-600 ಮಿಲಿಮೀಟರ್ ಆಸುಪಾಸಿನ ಮಳೆ. ಅದೂ ಕೆಲವೇ ವಾರಗಳಲ್ಲಿ ಬಂದು ಹೋಗುತ್ತದೆ. ವರ್ಷದ ಆರೇಳು ತಿಂಗಳು ನೆಲ ಒಣಗಿಯೇ ಇರುತ್ತದೆ.

ಇಂಥಲ್ಲಿ ಎಲೆ ದೊಡ್ಡದಾದಷ್ಟೂ ನೀರಿನ ನಷ್ಟ ಹೆಚ್ಚು. ಆದ್ದರಿಂದ ಕರಿಜಾಲಿ, ಬಿಳಿಜಾಲಿ, ಕಗ್ಗಲಿ ಮರಗಳು ಎಲೆಯನ್ನು ಚೂರುಚೂರಾಗಿ ಹಂಚಿಕೊಂಡಿವೆ. ಕಳ್ಳಿ ಎಲೆಯ ಗೊಡವೆಯನ್ನು ಬಹುಪಾಲು ಬಿಟ್ಟು, ಹಸಿರು ಕಾಂಡದಲ್ಲೇ ಆಹಾರ ತಯಾರಿಸಿ ಅದರಲ್ಲೇ ನೀರು ಕೂಡಿಡುತ್ತದೆ. ಬಂದರಿಕೆಯ ಎಲೆಗೆ ಅಂಟಿನ ಲೇಪವಿದೆ. ಜಾಲಿಯ ಬೇರು ಆಳಕ್ಕಿಳಿದು ತೇವ ಹುಡುಕುತ್ತದೆ. ಆ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ‘ಖರಾಬು’ ನೆಲಕ್ಕೆ ಗೊಬ್ಬರ ಹಾಕುವವರು ಇವೇ!

ಇಷ್ಟು ಕಷ್ಟಪಟ್ಟು ಬೆಳೆಸಿದ ಎಲೆಯನ್ನು ಮೇಯುವ ಬಾಯಿಗಳಿಂದ ಉಳಿಸಿಕೊಳ್ಳಲು ಮುಳ್ಳು ಬೇಕು. ಜಾಲಿಗೆ ನೀಳವಾದ ಜೋಡಿಮುಳ್ಳು. ಎಲಚಿಯದು ಇನ್ನೂ ಚತುರ ಉಪಾಯ: ಜೋಡಿಯಲ್ಲಿ ಒಂದು ನೇರ ಮುಳ್ಳು, ಇನ್ನೊಂದು ಕೊಕ್ಕೆ. ಒಂದು ಚುಚ್ಚಿದರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಈ ಮುಳ್ಳೇ ಹಲವು ಜೀವಿಗಳಿಗೆ ಆಸರೆ. ಗೀಜಗ ತನ್ನ ಗೂಡನ್ನು ಜಾಲಿಯ ರೆಂಬೆಗೆ ತೂಗುಹಾಕುತ್ತದೆ. ಕಳಿಂಗ ಹಕ್ಕಿ ಹಿಡಿದ ಮಿಡತೆಯನ್ನು ಮುಳ್ಳಿಗೆ ಸಿಕ್ಕಿಸಿ, ಬೇಕಾದಾಗ ತಿನ್ನುತ್ತದೆ. ಪೊದೆಯ ಬುಡದಲ್ಲಿ ಗೌಜಲಹಕ್ಕಿ, ಮೊಲ, ಉಡ, ನಕ್ಷತ್ರ ಆಮೆಗಳಿಗೆ ನೆರಳು. ರಾತ್ರಿಯಾದರೆ ರೆಂಬೆಗಳ ನಡುವೆ ಕಾಡುಪಾಪದ ಸಂಚಾರ. ಪೊದೆಗಳ ನಡುವಿನ ಹುಲ್ಲುಬಯಲಿನಲ್ಲಿ ಕೃಷ್ಣಮೃಗ, ಅದರ ಬೆನ್ನಿಗೆ ತೋಳ. ಕವಳೆ, ಎಲಚಿ, ಉಲುಪಿ ಹಣ್ಣು ತಿನ್ನುವ ಕರಡಿ ಬೀಜಗಳನ್ನು ಗುಡ್ಡದಿಂದ ಗುಡ್ಡಕ್ಕೆ ಸಾಗಿಸುತ್ತದೆ.

ಬೆಣ್ಣೆ ಚಾವಡಿಯ ಕಾವಲುಗಳು

ಈ ನೆಲದ ಬೆಲೆಯನ್ನು ಹಿಂದಿನ ಅರಸರು ಅರಿತಿದ್ದರು. 17ನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿ, ಅರಮನೆಯ ಹಸುಗಳಿಗೆ ರಾಜ್ಯದ ಹಲವೆಡೆ ಹುಲ್ಲುಗಾವಲು ಮೀಸಲಿಟ್ಟರು. ಇವೇ ಕಾವಲುಗಳು. ಹೈದರಾಲಿ ಈ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದ. ಟಿಪ್ಪು ಸುಲ್ತಾನ್ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಮೈಸೂರಿನ ಸೈನ್ಯದ ವೇಗಕ್ಕೆ ಈ ಎತ್ತುಗಳ ಕಾಲೇ ಕಾರಣವೆಂದು ಆಂಗ್ಲ ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆ ಇತ್ತು. ಒಂದು ಕಡೆ ಮೇವು ಮುಗಿಯುವ ಮೊದಲೇ ಮಂದೆ ಮುಂದಕ್ಕೆ ಹೋಗುತ್ತಿತ್ತು. ಹೀಗಾಗಿ ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. ಉಳುಮೆಗೆ ಅವಕಾಶವಿಲ್ಲದ್ದರಿಂದ ಕುರುಚಲು ಕಾಡೂ ಅದರ ಮಿಗಗಳೂ ಉಳಿದವು. ದನಗಳಿಗೆಂದು ಮಾಡಿದ ಕಾನೂನು ಕೃಷ್ಣಮೃಗಕ್ಕೂ ತೋಳಕ್ಕೂ ಆಶ್ರಯವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳು ಇಂಗ್ಲಿಷರ ಕೈಸೇರಿದವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅವನ್ನು ಮಾರಲಾಯಿತು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ ತಪ್ಪಿನ ಅರಿವಾಗಿ, ಕೆಲವೇ ವರ್ಷಗಳಲ್ಲಿ ಮತ್ತೆ ಮಂದೆ ಕಟ್ಟಬೇಕಾಯಿತು. ಆದರೆ ನೆಲದ ಲೆಕ್ಕಾಚಾರ ಆ ವೇಳೆಗೆ ಬದಲಾಗಿತ್ತು. ಕಂದಾಯ ತರುವ ಭೂಮಿಗೆ ಬೆಲೆ, ತರದ ಭೂಮಿ ಬಂಜರು. ಒಮ್ಮೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಅಮೃತ ಮಹಲ್ ಕಾವಲುಗಳಲ್ಲಿ ಇಂದು ಒಂದು ಲಕ್ಷ ಎಕರೆಯೂ ಉಳಿದಿಲ್ಲ.

ಕಡಲಾಚೆಯ ಮುಳ್ಳುಗಳು

ಮುಳ್ಳುಕಾಡಿಗೆ ಹೊರಗಿನ ಮುಳ್ಳುಗಳೂ ಬಂದವು. ಅಮೆರಿಕ ಖಂಡದ ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ಸಿಗುತ್ತಿತ್ತು. ಅದರ ವ್ಯಾಪಾರದಾಸೆಗೆ ಈಸ್ಟ್ ಇಂಡಿಯಾ ಕಂಪೆನಿ 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿತು. ಬಂದದ್ದು ಬೇರೆ ಜಾತಿಯ ಹುಳು. ಒಳ್ಳೆಯ ಬಣ್ಣ ಸಿಗಲಿಲ್ಲ, ಬದಲಿಗೆ ಅದು ಒಂದು ಬಗೆಯ ಕಳ್ಳಿಯನ್ನೇ ತಿಂದು ಮುಗಿಸಿತು. ಇನ್ನೊಂದು ಬಗೆಯ ಕಳ್ಳಿ ಮಾತ್ರ ದಕ್ಷಿಣ ಭಾರತದ ಹೊಲಗದ್ದೆಗಳ ಅಂಚಿನವರೆಗೂ ಹಬ್ಬಿತು. 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಹುಳು ತಂದು ಬಿಟ್ಟ ಮೇಲೆ, ಕೆಲವೇ ವರ್ಷಗಳಲ್ಲಿ ಅದರ ಹಾವಳಿ ಇಳಿಯಿತು.

ಎರಡನೆಯ ಅತಿಥಿಯನ್ನು ಕಳಿಸಲು ಇಂದಿಗೂ ಸಾಧ್ಯವಾಗಿಲ್ಲ. 1870ರ ದಶಕದ ಕೊನೆಗೆ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಸೌದೆಗೆಂದು ಬೀಜ ತರಿಸಿ ಕಡಪ ಸೀಮೆಯಲ್ಲಿ ನೆಟ್ಟ ಈ ಗಿಡ, ಕನ್ನಡಿಗರ ಬಾಯಲ್ಲಿ ‘ಬಳ್ಳಾರಿ ಜಾಲಿ’ಯಾಯಿತು. ಕೋಟ್ಯಂತರ ಒಲೆಗಳಿಗೆ ಇದು ಸೌದೆ ಕೊಟ್ಟಿದೆ, ಬಡವರಿಗೆ ಇದ್ದಿಲಿನ ಕೂಲಿ ಕೊಟ್ಟಿದೆ. ಆದರೆ ಇದರ ದಟ್ಟ ಪೊದೆಯ ಕೆಳಗೆ ಹುಲ್ಲು ಏಳುವುದು ಕಷ್ಟ. ಕುರಿ, ದನ, ಕೃಷ್ಣಮೃಗ ಇದರ ಸಿಹಿ ಕಾಯಿ ತಿಂದು ಬೀಜ ಹರಡುತ್ತವೆ. ತನ್ನ ಹುಲ್ಲುಗಾವಲನ್ನು ನುಂಗುವ ಗಿಡಕ್ಕೆ ಕೃಷ್ಣಮೃಗವೇ ಬಿತ್ತನೆಗಾರ!

ಕಾಡೇ ಇದ್ದ ಜಾಗದಲ್ಲಿ ಕಾಡು ಬೆಳೆಸುವ ಯೋಜನೆಗಳೂ ನಡೆದವು. ‘ಬೋಳು ನೆಲಕ್ಕೆ ಹಸಿರು’ ಎಂದು ನೀಲಗಿರಿ ನೆಡಲಾಯಿತು. 1974ರಲ್ಲಿ ಕೃಷ್ಣಮೃಗಗಳಿಗೆಂದು ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದಲ್ಲೂ ನೀಲಗಿರಿ ತೋಪುಗಳೇ ಬಹಳ ಜಾಗ ಹಿಡಿದಿವೆ. ಒಮ್ಮೆ ಅಲ್ಲಿದ್ದ, ಬಯಲು ಬೇಡುವ ದೊಡ್ಡ ಹಕ್ಕಿ ಎರೆಭೂತಕ್ಕೆ ಅಲ್ಲಿ ನೆಲೆ ತಪ್ಪಿತು. ಕನ್ನಡದಲ್ಲಿ ‘ಸಿವಂಗಿ’ ಎಂಬ ಹೆಸರು ಪಡೆದಿದ್ದ ಚೀತಾ ಇಂಥ ಬಯಲುಗಳಿಂದ ಅದಕ್ಕೂ ಮೊದಲೇ ಮರೆಯಾಗಿತ್ತು. 1952ರಲ್ಲಿ ಅದು ದೇಶದಲ್ಲೇ ಅಳಿದಿದೆ ಎಂದು ಘೋಷಿಸಲಾಯಿತು.

ಉಳಿದದ್ದು ಎಷ್ಟು?

ವಿಚಿತ್ರವೆಂದರೆ ವಿಜ್ಞಾನ ಇದನ್ನು ಕಾಡೆಂದು ಒಪ್ಪಿ ಬಹಳ ಕಾಲವಾಗಿದೆ. ಭಾರತದ ಕಾಡುಗಳನ್ನು ವರ್ಗೀಕರಿಸಿದ ಚಾಂಪಿಯನ್ ಮತ್ತು ಸೇಠ್ 1968ರ ಪಟ್ಟಿಯ ಹದಿನಾರು ಮುಖ್ಯ ವರ್ಗಗಳಲ್ಲಿ ಉಷ್ಣವಲಯದ ಮುಳ್ಳುಕಾಡಿಗೆ ಆರನೆಯ ಸ್ಥಾನ ಕೊಟ್ಟಿದ್ದಾರೆ. ಕಡಿದು, ಮೇಯಿಸಿ ಹಾಳಾದ ಕಾಡೇ ಕುರುಚಲಾಗಿದೆ ಎಂಬ ವಾದವೂ ಇದೆ. ಕೆಲವು ಕಡೆ ಅದು ನಿಜ. ಆದರೆ ಇಷ್ಟೊಂದು ಗಿಡ, ಹಕ್ಕಿ, ಮಿಗಗಳು ಒಣ ಬಯಲಿಗೇ ಹೊಂದಿಕೊಂಡಿರುವುದು ಕೊಡಲಿಯ ಇತಿಹಾಸಕ್ಕಿಂತ ಬಹಳ ಹಳೆಯ ಕಥೆ ಹೇಳುತ್ತದೆ.

ಒಳ್ಳೆಯ ಉದಾಹರಣೆಗಳೂ ಇಲ್ಲದಿಲ್ಲ. 1994ರಲ್ಲಿ ದರೋಜಿ ಕರಡಿಧಾಮವಾಯಿತು. ಕಾವಲು ಸಿಕ್ಕ ಮೇಲೆ ಅಲ್ಲಿನ ಬೋಳು ಗುಡ್ಡಗಳಲ್ಲಿ ಕುರುಚಲು ಮತ್ತೆ ಚಿಗುರಿತು. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, 2011ರಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳಿಗೆ ಅಭಯಾರಣ್ಯ ಬಂದವು.

ಆದರೆ ಇದೇ ಅವಧಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಖುದಾಪುರ, ವರವು, ಉಳ್ಳಾರ್ತಿ ಸುತ್ತಲಿನ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಿಕೆಯಾಯಿತು. ಗೋಡೆ ಎದ್ದಾಗ ಕುರಿಗಾಹಿಗಳು ದಾರಿ ಕಳೆದುಕೊಂಡರು. ವಿವಾದ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಕು, ಸಂದೇಹವಿಲ್ಲ. ಆದರೆ ಜಾಗ ಹುಡುಕುವಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಕುರುಚಲು ಬಯಲು. ಏಕೆಂದರೆ ಕಡತದ ಪ್ರಕಾರ ಅಲ್ಲಿ ಏನೂ ಇಲ್ಲ.

ಅಲ್ಲಿ ಏನಿದೆ ಎಂಬುದು ಮಂದೆ ಹೊಡೆದುಕೊಂಡು ಹೋಗುವವರಿಗೆ ಗೊತ್ತು. ಕ್ಯಾತಪ್ಪನ ಗುಡಿಗೆ ಪ್ರತಿ ಸಲವೂ ಹೊಸ ಕಳ್ಳೆ ಬೇಕು. ಅದನ್ನು ಪೇಟೆಯಿಂದ ತರಲಾಗುವುದಿಲ್ಲ.