ದ್ವೀಪದ ಮಧುಚಂದ್ರ: ಟ್ರಿನಿಡಾಡ್ ಮತ್ತು ಟೊಬಾಗೊದಲ್ಲಿ ನೋಟ, ಊಟ, ಆರೋಗ್ಯ

ನಮ್ಮ ಹಿರಿಯರ ಕಾಲದಲ್ಲಿ ಮದುವೆಯ ನಂತರದ ಪ್ರಯಾಣವೆಂದರೆ ಮನೆದೇವರ ದರ್ಶನ ಮತ್ತು ನಂಟರಿಷ್ಟರ ಮನೆಗಳಲ್ಲಿ ಔತಣ. ನೋಡುವುದು ಯಾವುದನ್ನು, ಉಣ್ಣುವುದು ಎಲ್ಲಿ ಎಂಬುದನ್ನು ಮನೆಯವರೇ ನಿರ್ಧರಿಸುತ್ತಿದ್ದರು. ಇಂದು ಟೊರಾಂಟೊ ಸುತ್ತಮುತ್ತಲಿನ ಕನ್ನಡ ಕುಟುಂಬಗಳ ಮಕ್ಕಳು ಮದುವೆಯಾದ ಮೇಲೆ ಕೆರಿಬಿಯನ್ ಸಮುದ್ರದ ಯಾವುದಾದರೊಂದು ದ್ವೀಪಕ್ಕೆ ಹೊರಡುತ್ತಾರೆ. ನಿರ್ಧಾರಗಳೆಲ್ಲವೂ ಈಗ ಅವರಿಬ್ಬರವೇ. ನಾನು ವೈದ್ಯನಾಗಿರುವ ನ್ಯೂಮಾರ್ಕೆಟ್‌ನಲ್ಲಿ ಇಂತಹ ಪ್ರಯಾಣಕ್ಕೆ ಮುನ್ನ ಸಲಹೆ ಕೇಳಲು ಬರುವವರು ಬಹುಮಟ್ಟಿಗೆ ಹೋಟೆಲನ್ನೂ ವಿಮಾನವನ್ನೂ ಕಾಯ್ದಿರಿಸಿದ ಮೇಲೆಯೇ ಬರುತ್ತಾರೆ. ಯೋಜನೆಯ ಕ್ರಮ ಇದಕ್ಕೆ ತಿರುವುಮುರುವಾಗಿರಬೇಕು: ಮೊದಲು ಆರೋಗ್ಯ, ಆಮೇಲೆ ಊಟ, ಕೊನೆಯಲ್ಲಿ ನೋಟ. ಈ ಕ್ರಮ ಏಕೆ ಮುಖ್ಯವೆಂಬುದನ್ನು ಒಂದು ನಿರ್ದಿಷ್ಟ ತಾಣವನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಏಕೆ ಈ ಎರಡು ದ್ವೀಪಗಳು?

ಟ್ರಿನಿಡಾಡ್ ಮತ್ತು ಟೊಬಾಗೊ ಒಂದೇ ದೇಶದ ಎರಡು ದ್ವೀಪಗಳು. ಟ್ರಿನಿಡಾಡ್ ಹೆಚ್ಚುಕಡಿಮೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು ವಿಸ್ತಾರವಾದುದು. ಟೊಬಾಗೊ ಸುಮಾರು 40 ಕಿಲೋಮೀಟರ್ ಉದ್ದದ, 10 ಕಿಲೋಮೀಟರ್ ಅಗಲದ ಸಣ್ಣ ದ್ವೀಪ. ಟೊರಾಂಟೊದ ಪಿಯರ್ಸನ್ ನಿಲ್ದಾಣದಿಂದ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ನೇರ ವಿಮಾನದಲ್ಲಿ ಐದೂವರೆ ಗಂಟೆಗಳ ಪ್ರಯಾಣ. ಕಾಲವ್ಯತ್ಯಾಸ ಚಳಿಗಾಲದಲ್ಲಿ ಒಂದು ಗಂಟೆ, ಬೇಸಿಗೆಯಲ್ಲಿ ಅದೂ ಇಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಅಲ್ಲಿ ಒಣ ಋತು, ಅನಂತರ ಮಳೆಗಾಲ.

ನಮಗೆ ಮುಖ್ಯವಾದ ಇನ್ನೊಂದು ಕಾರಣವಿದೆ. 1845ರ ಮೇ 30ರಂದು ‘ಫತೇಲ್ ರಝಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕರಾರು ಕೂಲಿಗಳನ್ನು ಟ್ರಿನಿಡಾಡ್‌ಗೆ ತಂದಿಳಿಸಿತು. 1917ರವರೆಗೆ ಹೀಗೆ ಬಂದವರು 1,40,000ಕ್ಕೂ ಹೆಚ್ಚು. ಬಹುಪಾಲು ಜನ ಭೋಜಪುರಿ ಸೀಮೆಯವರು, ಕೆಲವರು ಮದರಾಸು ಬಂದರಿನಿಂದ ಹೊರಟವರು. ಕಬ್ಬಿನ ತೋಟಗಳಲ್ಲಿ ದುಡಿದ ಅವರ ಅಡುಗೆ ಇಂದು ಆ ದೇಶದ ಎಲ್ಲ ಜನಾಂಗದವರ ಅಡುಗೆಯಾಗಿದೆ. ಅನೇಕ ದ್ವೀಪಗಳಲ್ಲಿ ಸಸ್ಯಾಹಾರಿಗೆ ಹೋಟೆಲಿನ ಆಚೆ ಸಿಗುವುದು ಆಲೂಗಡ್ಡೆ ಮತ್ತು ಸೊಪ್ಪಿನ ಸಲಾಡ್ ಮಾತ್ರ. ಇಲ್ಲಿ ಬೀದಿಯ ಅಡುಗೆಯೇ ಅವರ ಕೈ ಹಿಡಿಯುತ್ತದೆ.

ಮೊದಲು ಮಾತಾಡಬೇಕಾದ ವಿಷಯ

ನವದಂಪತಿಗಳು ಮಗುವನ್ನು ಯಾವಾಗ ಬಯಸುತ್ತಾರೆ? ದ್ವೀಪವನ್ನು ಆರಿಸುವ ಮುನ್ನ ಇಬ್ಬರೂ ಕೂಡಿ ಉತ್ತರಿಸಬೇಕಾದ ಪ್ರಶ್ನೆ ಇದು. ಉಷ್ಣವಲಯದ ಹಲವು ದ್ವೀಪಗಳಂತೆ ಟ್ರಿನಿಡಾಡ್ ಮತ್ತು ಟೊಬಾಗೊದಲ್ಲಿಯೂ ಝೀಕಾ ವೈರಸ್ ಹರಡಿದ ಇತಿಹಾಸವಿದೆ. ವಯಸ್ಕರಲ್ಲಿ ಈ ಸೋಂಕು ಸೌಮ್ಯವಾಗಿರುತ್ತದೆ, ಅನೇಕರಿಗೆ ಅದು ತಗುಲಿದ್ದೇ ತಿಳಿಯುವುದಿಲ್ಲ. ಆದರೆ ಗರ್ಭಿಣಿಗೆ ತಗುಲಿದರೆ ಶಿಶುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗಬಹುದು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಆರೋಗ್ಯ ತುರ್ತುಸ್ಥಿತಿಯೆಂದು ಘೋಷಿಸಿದ್ದು ಈ ಕಾರಣಕ್ಕಾಗಿಯೇ. ವೈರಸ್ ಸೊಳ್ಳೆಯಿಂದಷ್ಟೇ ಅಲ್ಲ, ದಾಂಪತ್ಯ ಸಂಪರ್ಕದಿಂದಲೂ ಹರಡುತ್ತದೆ ಮತ್ತು ವೀರ್ಯದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಆದುದರಿಂದ ಸೋಂಕಿನ ಸಾಧ್ಯತೆಯಿರುವ ಸ್ಥಳದಿಂದ ಮರಳಿದ ಮೇಲೆ ಮಹಿಳೆ 2 ತಿಂಗಳು, ಪುರುಷ 3 ತಿಂಗಳು ಕಾದು ಆಮೇಲೆ ಗರ್ಭಧಾರಣೆಗೆ ಪ್ರಯತ್ನಿಸಬೇಕೆಂಬುದು ಇಲ್ಲಿನ ಸಲಹೆ. ಇಬ್ಬರೂ ಹೋಗಿದ್ದರೆ ಮೂರು ತಿಂಗಳೆಂದೇ ಲೆಕ್ಕ ಹಿಡಿಯಬೇಕು. ಈಗಾಗಲೇ ಗರ್ಭಿಣಿಯಾದವರು ಪ್ರಯಾಣಕ್ಕೆ ಮುನ್ನ ವೈದ್ಯರನ್ನು ಕಾಣದೆ ಹೊರಡಬಾರದು.

ಮದುವೆಯಾದ ಮರುತಿಂಗಳಿನಿಂದಲೇ ‘ವಿಶೇಷ ಏನಾದರೂ ಇದೆಯೇ?’ ಎಂದು ಕೇಳುವ ಸಮಾಜ ನಮ್ಮದು. ಬೆಂಗಳೂರಿನಿಂದಲೋ ಧಾರವಾಡದಿಂದಲೋ ದೂರವಾಣಿಯಲ್ಲಿ ಬರುವ ಈ ಪ್ರಶ್ನೆಗೆ ಹೆಚ್ಚಾಗಿ ಉತ್ತರಿಸಬೇಕಾಗುವುದು ಹುಡುಗಿಯೇ. ಕಾಯುವ ಅವಧಿ ಮುಖ್ಯವಾಗಿ ಗಂಡನ ದೇಹದ ಕಾರಣದಿಂದ ದೀರ್ಘವಾಗುತ್ತದೆ ಎಂಬುದನ್ನು ಗಂಡನೇ ತನ್ನ ತಂದೆತಾಯಿಗೆ ವಿವರಿಸುವುದು ಲೇಸು. ವಯಸ್ಸಿನ ಅಥವಾ ಚಿಕಿತ್ಸೆಯ ಕಾರಣದಿಂದ ಮೂರು ತಿಂಗಳು ಕಾಯಲಾಗದವರು ಬೇರೆ ತಾಣವನ್ನು ಆರಿಸಿಕೊಳ್ಳಬೇಕು. ಆ ಆಯ್ಕೆ ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಮಾತ್ರ ಸುಲಭ.

ಎರಡನೆಯದು ಹಳದಿ ಜ್ವರ. ಇದರ ಸಾಧ್ಯತೆ ಟ್ರಿನಿಡಾಡ್‌ನ ಕಾಡುಗಳಲ್ಲಿದೆ, ಟೊಬಾಗೊದಲ್ಲಿಲ್ಲ. ಕಾಡಿಗೆ ಹೋಗುವವರಿಗೆ ಲಸಿಕೆಯನ್ನು ಸೂಚಿಸುತ್ತಾರೆ. ಅದು ಸಜೀವ ಲಸಿಕೆಯಾದ್ದರಿಂದ ಪಡೆದ ನಂತರ ನಾಲ್ಕು ವಾರ ಗರ್ಭಧಾರಣೆಯನ್ನು ಮುಂದೂಡಬೇಕು. ಮಧುಚಂದ್ರ ಮುಗಿಸಿ ನೇರವಾಗಿ ಊರಿನ ಆರತಕ್ಷತೆಗೆ ಹೊರಡುವವರು ಇನ್ನೊಂದನ್ನು ತಿಳಿದಿರಬೇಕು. ಟ್ರಿನಿಡಾಡ್ ಬಿಟ್ಟು ಆರು ದಿನಗಳೊಳಗೆ ಭಾರತಕ್ಕೆ ಬರುವವರಿಂದ ಭಾರತ ಸರ್ಕಾರ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಕೇಳುತ್ತದೆ. ಇಲ್ಲದಿದ್ದರೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಲಸಿಕೆ ಪಡೆದ ಹತ್ತು ದಿನಗಳ ನಂತರವಷ್ಟೇ ಆ ಪತ್ರಕ್ಕೆ ಮಾನ್ಯತೆ. ಲಸಿಕೆ ಸಿಗುವುದು ನಿಯೋಜಿತ ಪ್ರವಾಸ ಚಿಕಿತ್ಸಾಲಯಗಳಲ್ಲಿ ಮಾತ್ರ. ಆದ್ದರಿಂದ ಆರು ವಾರ ಮೊದಲೇ ಅಲ್ಲಿಗೆ ಹೋಗಬೇಕು.

ಮೂರನೆಯದು ನಮಗೆಲ್ಲ ಪರಿಚಿತವಾದ ಡೆಂಗ್ಯೂ. ಇದರ ವೈರಸ್‌ನಲ್ಲಿ ನಾಲ್ಕು ಪ್ರಭೇದಗಳಿವೆ. ಒಮ್ಮೆ ಒಂದು ಪ್ರಭೇದ ಬಂದವರಿಗೆ ಮುಂದೆ ಇನ್ನೊಂದು ಬಂದರೆ ಕಾಯಿಲೆ ಉಗ್ರವಾಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನಲ್ಲಿ ಡೆಂಗ್ಯೂ ಆಗಿ ಗುಣವಾದವರು ‘ನನಗೆ ಆಗಿಹೋಗಿದೆ’ ಎಂದು ನಿಶ್ಚಿಂತರಾಗುವಂತಿಲ್ಲ, ಅವರೇ ಹೆಚ್ಚು ಎಚ್ಚರದಿಂದಿರಬೇಕು. ಡೆಂಗ್ಯೂ ಮತ್ತು ಝೀಕಾ ಎರಡನ್ನೂ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಡೀಟ್ ಅಥವಾ ಇಕಾರಿಡಿನ್ ಇರುವ ಲೇಪನ ಹಚ್ಚಬೇಕು. ಬಿಸಿಲಿನ ಲೇಪನ ಮೊದಲು, ಸೊಳ್ಳೆಯ ಲೇಪನ ಅದರ ಮೇಲೆ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ ನುಂಗಬೇಕು. ಕೆನಡಾದಲ್ಲಿ ಅದರ ಹೆಸರು ಅಸಿಟಮಿನೋಫೆನ್. ಐಬುಪ್ರೊಫೆನ್ ಮತ್ತು ಆಸ್ಪಿರಿನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಊಟದ ಯೋಜನೆ

ಟ್ರಿನಿಡಾಡ್‌ನ ಬೆಳಗಿನ ಉಪಾಹಾರ ‘ಡಬಲ್ಸ್’. ಅರಿಸಿನ ಬೆರೆಸಿದ ಹಿಟ್ಟಿನ ‘ಬಾರಾ’ ಎಂಬ ಎರಡು ಮೃದುವಾದ ಕರಿದ ರೊಟ್ಟಿಗಳ ನಡುವೆ ಕಾಬೂಲಿ ಕಡಲೆಯ ಸಾರು, ಮೇಲೆ ಹುಣಸೆ, ಸೌತೆಕಾಯಿ, ಮಾವಿನ ‘ಕುಚೇಲಾ’ ಮತ್ತು ಮೆಣಸಿನ ಗೊಜ್ಜು. ಅಲ್ಲಿನ ಮೆಣಸಿನಕಾಯಿ ಬ್ಯಾಡಗಿಯಂತಹ ಸೌಮ್ಯ ಜಾತಿಯದಲ್ಲ. ‘ಸ್ಲೈಟ್ ಪೆಪ್ಪರ್’ ಎಂದರೆ ಸ್ವಲ್ಪವೇ ಖಾರ ಹಾಕುತ್ತಾರೆ. ಮಧ್ಯಾಹ್ನಕ್ಕೆ ‘ದಾಲ್‌ಪುರಿ’: ಬೇಯಿಸಿ ಪುಡಿಮಾಡಿದ ಬೇಳೆಯ ಹೂರಣವನ್ನು ತುಂಬಿ ಲಟ್ಟಿಸಿದ ರೊಟ್ಟಿ. ಬೆಲ್ಲವಿಲ್ಲದ, ಜೀರಿಗೆಯ ಹೋಳಿಗೆ ಎಂದರೆ ನಮ್ಮವರಿಗೆ ಬೇಗ ಅರ್ಥವಾದೀತು. ಅದರೊಡನೆ ಕುಂಬಳಕಾಯಿ, ‘ಬೋಡಿ’ ಎಂದು ಕರೆಯುವ ಅಲಸಂದೆ ಕಾಯಿ, ಸುಟ್ಟ ಬದನೆಯ ‘ಚೋಕಾ’ ದೊರೆಯುತ್ತವೆ.

ಮಲೆನಾಡು ಮತ್ತು ಕರಾವಳಿಯವರಿಗೆ ಅಲ್ಲೊಂದು ಹಳೆಯ ನಂಟು ಕಾದಿದೆ. ‘ಡ್ಯಾಶೀನ್’ ಎಂದರೆ ನಮ್ಮ ಕೆಸು. ಅದರ ಎಲೆಯನ್ನು ಬೇಳೆಯ ಹಿಟ್ಟಿನೊಂದಿಗೆ ಸೇರಿಸಿ ಕರಿದ ‘ಸಹೀನಾ’ ಪತ್ರೊಡೆಯ ದೂರದ ಬಂಧುವಿನಂತಿದೆ. ಹಸಿ ತೊಗರಿಕಾಳನ್ನು ಅಲ್ಲಿ ‘ಪಿಜನ್ ಪೀಸ್’ ಎನ್ನುತ್ತಾರೆ. ಗೆಡ್ಡೆಗೆಣಸುಗಳಿಗೆಲ್ಲ ಒಟ್ಟಾಗಿ ‘ಪ್ರೊವಿಶನ್’ ಎಂದು ಹೆಸರು. ಆದರೆ ಕೆಸುವಿನ ಸೊಪ್ಪು, ಬೆಂಡೆ ಮತ್ತು ತೆಂಗಿನ ಹಾಲಿನ ‘ಕಲಲೂ’ ಎಂಬ ಅಡುಗೆಗೆ ಏಡಿಯನ್ನೋ ಉಪ್ಪಿನ ಮಾಂಸವನ್ನೋ ಹಾಕುವುದು ವಾಡಿಕೆ. ‘ಮ್ಯಾಕರೋನಿ ಪೈ’ನಲ್ಲಿ ಮೊಟ್ಟೆಯಿರುತ್ತದೆ. ಸಸ್ಯಾಹಾರಿಗಳು ಇವೆರಡನ್ನೂ ಕೇಳಿಯೇ ತಿನ್ನಬೇಕು. ಟೊಬಾಗೊದಲ್ಲಿ ಭಾರತೀಯ ಮೂಲದವರು ಕಡಿಮೆ, ಅಲ್ಲಿನ ಹೆಸರಾಂತ ಅಡುಗೆ ಏಡಿಯದು. ಆದ್ದರಿಂದ ಅಡುಗೆಮನೆಯಿರುವ ವಸತಿಯನ್ನು ಅಲ್ಲಿ ಹಿಡಿಯುವುದು ಅನುಕೂಲ. ಹೊರಡುವ ಮುನ್ನ ರುಚಿ ನೋಡಬೇಕೆನ್ನುವವರಿಗೆ ಸ್ಕಾರ್‌ಬರೋ ಮತ್ತು ಬ್ರಾಂಪ್ಟನ್‌ನ ರೊಟ್ಟಿ ಅಂಗಡಿಗಳಿವೆ.

ಮೀನು ತಿನ್ನುವವರಿಗೆ ಒಂದು ಎಚ್ಚರಿಕೆ. ಹವಳದ ದಿಬ್ಬಗಳಲ್ಲಿ ಬೆಳೆಯುವ ಬರಾಕುಡಾದಂತಹ ದೊಡ್ಡ ಮೀನುಗಳಲ್ಲಿ ‘ಸಿಗ್ವಾಟೆರಾ’ ಎಂಬ ವಿಷ ಸಂಗ್ರಹವಾಗಿರಬಹುದು. ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ, ರುಚಿಯಲ್ಲಿ ಗೊತ್ತಾಗುವುದಿಲ್ಲ. ವಾಂತಿಭೇದಿಯ ಜೊತೆಗೆ ತುಟಿ ಮತ್ತು ಬೆರಳುಗಳಲ್ಲಿ ಜುಮುಗುಡುವಿಕೆ, ತಣ್ಣನೆಯ ವಸ್ತು ಸುಟ್ಟಂತೆನಿಸುವುದು ಇದರ ಲಕ್ಷಣ. ಸಾಮಾನ್ಯ ಹೊಟ್ಟೆಕೆಡುವಿಕೆಗಾದರೆ ಓಆರ್‌ಎಸ್ ಪುಡಿಯ ಕೆಲವು ಪೊಟ್ಟಣಗಳು ಕೈಚೀಲದಲ್ಲಿದ್ದರೆ ಸಾಕು. ಕಣ್ಣೆದುರಿಗೆ ಬಿಸಿಬಿಸಿಯಾಗಿ ಕರಿದದ್ದು ಸುರಕ್ಷಿತ. ಗಂಟೆಗಟ್ಟಲೆ ಹೊರಗಿಟ್ಟ ಬಫೆಯ ಆಹಾರ ಹಾಗಲ್ಲ.

ನೋಟದ ಯೋಜನೆ

ನಾನು ಹೇಳುವ ನಿಯಮ ಸರಳ: ಬೆಳಿಗ್ಗೆ ಒಂದು ಸ್ಥಳ, ಮನಸ್ಸಿದ್ದರೆ ಸಂಜೆ ಇನ್ನೊಂದು, ಹನ್ನೊಂದರಿಂದ ಮೂರರವರೆಗೆ ಏನೂ ಇಲ್ಲ. ಆ ಹೊತ್ತಿನ ಬಿಸಿಲು ಕಂದುಮೈಯವರನ್ನೂ ಸುಡುತ್ತದೆ. ಅಲ್ಲದೆ, ನಾಲ್ಕು ದಿನಗಳ ಮದುವೆಯಲ್ಲಿ ದಣಿದವರಿಗೆ ನಿದ್ರೆಯೂ ಒಂದು ಚಿಕಿತ್ಸೆ. ಏಳು ರಾತ್ರಿಗಳಿದ್ದರೆ ಎರಡನ್ನು ಟ್ರಿನಿಡಾಡ್‌ಗೂ ಐದನ್ನು ಟೊಬಾಗೊಗೂ ಕೊಡಬಹುದು.

ಟ್ರಿನಿಡಾಡ್‌ನ ಒಂದು ಬೆಳಿಗ್ಗೆಗೆ ವಾಟರ್ಲೂ ಗ್ರಾಮದ ‘ಸಮುದ್ರ ಮಂದಿರ’ ಯೋಗ್ಯ. ಶಿವದಾಸ್ ಸಾಧು ಎಂಬ ಕೂಲಿಯಾಳು 1947ರಲ್ಲಿ ಕಟ್ಟಿದ ಗುಡಿಯನ್ನು, ಅದು ಸಕ್ಕರೆ ಕಂಪನಿಯ ನೆಲದಲ್ಲಿದೆಯೆಂಬ ಕಾರಣಕ್ಕೆ ಕೆಡವಲಾಯಿತು. ಆತನಿಗೆ ಸೆರೆವಾಸವೂ ಆಯಿತು. ಸಮುದ್ರ ಯಾರ ಆಸ್ತಿಯೂ ಅಲ್ಲವೆಂದು ಆತ ಸೈಕಲ್ಲಿನಲ್ಲಿ ಕಲ್ಲುಮಣ್ಣು ಹೊತ್ತು, ನೀರಿನೊಳಗೇ ನೆಲ ಮಾಡಿ, ಇಪ್ಪತ್ತೈದು ವರ್ಷ ಗುಡಿ ಕಟ್ಟಿದ. ಅಲೆಗೆ ಶಿಥಿಲವಾದ ಅದನ್ನು 1995ರಲ್ಲಿ ಮತ್ತೆ ಕಟ್ಟಲಾಯಿತು. ಸಮೀಪದ ಕರಾಪಿಚೈಮಾದಲ್ಲಿ 85 ಅಡಿಯ ಹನುಮಂತನ ಮೂರ್ತಿಯಿದೆ. ಅಲ್ಲಿನ ದತ್ತಾತ್ರೇಯ ದೇವಾಲಯ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪರಂಪರೆಗೆ ಸೇರಿದ್ದು. ಸಂಜೆಗೆ ಕರೋನಿ ಜೌಗಿನ ದೋಣಿವಿಹಾರ: ಸೂರ್ಯ ಮುಳುಗುವ ಹೊತ್ತಿಗೆ ಕಡುಗೆಂಪು ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಕಾಂಡ್ಲಾ ಮರಗಳಿಗೆ ಮರಳುತ್ತವೆ. ರಂಗನತಿಟ್ಟನ್ನು ಕಂಡವರಿಗೂ ಆ ಬಣ್ಣ ಹೊಸದು.

ಟೊಬಾಗೊಗೆ ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ, ಹಡಗೂ ಉಂಟು. ಅಲ್ಲಿ ಒಂದು ದಿನ ಬಕೂ ಹವಳದ ದಿಬ್ಬ ಮತ್ತು ಸಮುದ್ರದ ನಡುವೆ ಸೊಂಟದ ಮಟ್ಟದ ತಿಳಿನೀರಿರುವ ‘ನೈಲಾನ್ ಪೂಲ್’. ಇನ್ನೊಂದು ದಿನ ಮೈನ್ ರಿಡ್ಜ್ ಕಾಡು. 1776ರಲ್ಲಿ ‘ಮಳೆಯ ರಕ್ಷಣೆಗಾಗಿ’ ಎಂದು ಕಾನೂನಿನಿಂದ ಕಾಯ್ದಿರಿಸಿದ, ಪಶ್ಚಿಮ ಗೋಳಾರ್ಧದ ಅತ್ಯಂತ ಹಳೆಯ ರಕ್ಷಿತಾರಣ್ಯ ಅದು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ತೊಗಲುಬೆನ್ನಿನ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಮಾರ್ಗದರ್ಶಿಯೊಡನೆಯೇ ಹೋಗಬೇಕು, ಬೆಳಕು ಹಾಯಿಸಬಾರದು. ಉಳಿದ ದಿನಗಳನ್ನು ಖಾಲಿ ಬಿಡಬೇಕು.

ಕಡಲತೀರದ ಎಚ್ಚರ ಎರಡು. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಸಣ್ಣ ಹಸಿರು ಸೇಬಿನಂತಹ ಹಣ್ಣಿರುವ ‘ಮ್ಯಾಂಚಿನೀಲ್’ ಮರದ ಹಣ್ಣೂ ಹಾಲೂ ವಿಷ. ಮಳೆಯಲ್ಲಿ ಅದರಡಿ ನಿಂತರೂ ಮೈ ಬೊಬ್ಬೆಯೇಳುತ್ತದೆ.

ಭದ್ರತೆ, ವಿಮೆ, ಕಾಗದಪತ್ರ

ಟ್ರಿನಿಡಾಡ್‌ನಲ್ಲಿ ಅಪರಾಧದ ಸಮಸ್ಯೆ ಗಂಭೀರವಾಗಿದೆ. 2024ರ ಡಿಸೆಂಬರ್ 30ರಂದು ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಲಾಗಿತ್ತು. ಕೆನಡಾ ಸರ್ಕಾರದ ಪ್ರವಾಸ ಸೂಚನೆಯನ್ನು ಟಿಕೆಟ್ ಕೊಳ್ಳುವ ಮುನ್ನವೂ ಹೊರಡುವ ವಾರದಲ್ಲೂ ಓದಬೇಕು. ಕತ್ತಲಾದ ಮೇಲೆ ತಾವಾಗಿ ಸುತ್ತಾಡದೆ, ನಂಬಿಕಸ್ತ ವಾಹನದಲ್ಲಿಯೇ ಓಡಾಡಬೇಕು. ಮದುವೆಯ ಒಡವೆಗಳು ಮನೆಯಲ್ಲಿರಲಿ. ಸೇನೆಯ ಮಾದರಿಯ ಚಿತ್ತಾರದ ಬಟ್ಟೆ ತೊಡುವುದು ಅಲ್ಲಿ ಕಾನೂನುಬಾಹಿರ.

ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಹೊರದೇಶದ ತುರ್ತು ಆಸ್ಪತ್ರೆವಾಸಕ್ಕೆ ದಿನಕ್ಕೆ ಗರಿಷ್ಠ 400 ಡಾಲರ್ ಮಾತ್ರ ಕೊಡುತ್ತದೆ. ಹೊರರೋಗಿಯಾದರೆ 50 ಡಾಲರ್. ಟೊಬಾಗೊದಿಂದ ಟೊರಾಂಟೊಗೆ ರೋಗಿಯನ್ನು ವಿಮಾನದಲ್ಲಿ ಕರೆತರುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಇಬ್ಬರಿಗೂ ಖಾಸಗಿ ಪ್ರವಾಸ ವಿಮೆ ಇರಬೇಕು ಮತ್ತು ಈಗಿರುವ ಕಾಯಿಲೆಗಳನ್ನೆಲ್ಲ ಅರ್ಜಿಯಲ್ಲಿ ಬರೆದಿರಬೇಕು. ಭಾರತದಿಂದ ಬಂದ ಬಾಳಸಂಗಾತಿ ಕಾಯಂ ನಿವಾಸಿಯಾಗಿದ್ದರೆ, ಮರಳುವ ವಿಮಾನ ಹತ್ತಲು ಅವಧಿ ಮೀರದ ನಿವಾಸಿ ಕಾರ್ಡ್ ಬೇಕು.

ಮರಳಿದ ಎರಡು ವಾರಗಳೊಳಗೆ ಜ್ವರ ಬಂದರೆ ಇಲ್ಲಿನ ಚಳಿಗಾಲದ ಫ್ಲೂ ಎಂದು ಸುಮ್ಮನಾಗದೆ, ಯಾವ ದ್ವೀಪಕ್ಕೆ ಯಾವ ದಿನಗಳಂದು ಹೋಗಿದ್ದೆವೆಂಬುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ನ್ಯೂಮಾರ್ಕೆಟ್‌ನ ಹಿಮದ ನಡುವೆ ಕುಳಿತ ವೈದ್ಯನಿಗೆ ಡೆಂಗ್ಯೂ ನೆನಪಾಗಬೇಕಾದರೆ ರೋಗಿಯ ಆ ಒಂದು ಮಾತು ಬೇಕು.